ಹಪುಷದ ಮೊದಲ ಗುಟುಕು

"ತಾ ಇಲ್ಲಿ ಲೋಟ!"

ತಿಮ್ಮವ್ವ ಲೋಟವನ್ನು ತುಟಿಗಿಡುವಷ್ಟರಲ್ಲಿ ಅತ್ತೆ ಕರಿಯವ್ವ ಕಸಿದುಕೊಂಡಳು. ತಾನೇ ಒಂದು ಗುಟುಕು ಕುಡಿದಳು. ಉಳಿದ ಕಷಾಯವನ್ನು ಮಗ ಅಂಜಿನಪ್ಪನ ಬಾಯಿಗೆ ಹಿಡಿದಳು.

ಅಂಜಿನಪ್ಪನ ಮೈಯೆಲ್ಲ ನೀರು ತುಂಬಿತ್ತು. ಕಾಲು ಒತ್ತಿದರೆ ಗುಳಿ ಬೀಳುತ್ತಿತ್ತು. ಅವನ ಅಣ್ಣ ಯಾರದೋ ನಾಟಿಮದ್ದು ಕುಡಿದು ಸತ್ತಿದ್ದ. ಅಂದಿನಿಂದ ಇವನದೊಂದು ಹಟ: ಮನೆಯವರು ಮೊದಲು ಕುಡಿದು ತೋರಿಸಬೇಕು, ಆಮೇಲೆ ತಾನು. ಇಷ್ಟು ದಿನ ಆ ಕೆಲಸ ಹೆಂಡತಿಯದಾಗಿತ್ತು.

ನಯಾಪೈಸೆ ಬಂದ ಮರುವರ್ಷ ಅದು. ದಾವಣಗೆರೆಯ ಡಾಕ್ಟರ್ ರಜಾಕ್ ಹಿಮಾಲಯದ ಕಡೆಯಿಂದ ಹಪುಷ ಎಂಬ ಪೊದೆಯ ಕಾಯಿ ತರಿಸಿ, ಮೈಯಲ್ಲಿ ನೀರು ತುಂಬುವ ರೋಗಕ್ಕೆ ಅದು ನಾಟುತ್ತದೆಯೇ ಎಂದು ಸಂಶೋಧನೆ ನಡೆಸಿದ್ದರು. ಉಳಿದ ಔಷಧಿಗಳೆಲ್ಲ ಸೋತ ಮೇಲೆ ಕರಿಯವ್ವ ಹರಿಹರದಿಂದ ಒಬ್ಬಳೇ ರೈಲು ಹತ್ತಿ ಹೋಗಿ ಕಾಯಿ ತಂದಳು. ಹೋದವಳು ಅತ್ತೆ, ಬಂದವಳು ಪೊಲೀಸು. ಸೊಸೆಗೆ ಕಾಯಿ ಕುಟ್ಟಲು ಬಿಡಳು. ಪಾತ್ರೆ ತೊಳೆಯಲೂ ಬಿಡಳು. ಹೊಳೆಗೆ ಹೊರಟರೆ ಕೊಡ ಕಿತ್ತುಕೊಳ್ಳುವಳು.

"ನೀ ವಿಷ ಬೆರೆಸ್ತೀಯ ಅಂತ ಅನುಮಾನ ಐತೆ ಆಕಿಗೆ," ಎಂದಳು ಪಕ್ಕದ ಮನೆಯ ಕೆಂಚಕ್ಕ. ಇಂಥ ಮಾತು ಹೇಳಲು ಅವಳನ್ನು ಯಾರೂ ಕೇಳಬೇಕಿರಲಿಲ್ಲ.

ತಿಮ್ಮವ್ವನ ಎದೆ ಒಡೆಯಿತು. ಗಂಡ ಉಳಿಯದಿದ್ದರೆ ಕೊಂದವಳೆಂಬ ಹೆಸರೂ ತನಗೇ. ಅವಳು ಊಟ ಬಿಟ್ಟಳು. ಅದಕ್ಕೂ ಅತ್ತೆ ಬಿಡಲಿಲ್ಲ.

"ನಾಟಕ ಬ್ಯಾಡ. ಉಣ್ಣು." ಕರಿಯವ್ವ ಎದುರಿಗೇ ಕೂತು ತಟ್ಟೆ ಖಾಲಿ ಮಾಡಿಸಿದಳು.

ಅಮಾವಾಸ್ಯೆ ಕಳೆದ ಮೇಲೆ ಡಾಕ್ಟರೇ ಬಂದರು. ಅಂಜಿನಪ್ಪನ ಕಾಲು ಒತ್ತಿ ನೋಡಿದರು. ಗುಳಿ ಹಾಗೇ ನಿಂತಿತು.

"ಕೆಲವರಿಗೆ ಈ ಕಾಯಿ ನಾಟ್ತು," ಎಂದರು ಅಂಗಳಕ್ಕೆ ಬಂದು. "ಇವರಿಗೆ ನಾಟಲಿಲ್ಲ. ಇನ್ನು ನನ್ನ ಕೈಲಿ ಏನೂ ಇಲ್ಲ."

ಕರಿಯವ್ವ ಒಳಗೆ ಹೋಗಿ ಮಗನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ತಿಮ್ಮವ್ವ ಡಾಕ್ಟರ ಕಾಲು ಹಿಡಿದಳು.

"ನಾ ಏನೂ ಬೆರೆಸಿಲ್ರಿ ಸಾಹೇಬ್ರೇ! ನೀವಾದ್ರೂ ಅತ್ತೆಗೆ ಹೇಳ್ರಿ. ಒಂದು ಗುಟುಕು ಕುಡಿಯಾಕೂ ನನ್ನ ನಂಬಲಿಲ್ಲ ಆಕಿ."

ರಜಾಕ್ ಅವಳನ್ನು ಎಬ್ಬಿಸಿದರು. ಒಮ್ಮೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ಬಸುರಿ ಈ ಕಾಯಿ ಬಾಯಿಗೆ ಹಾಕಬಾರದು ಅಂದಿದ್ದೆ ತಾಯಿ. ಅದಕ್ಕೆ ನಿಮ್ಮತ್ತೆ, 'ನನ್ ಸೊಸಿ ಎರಡು ತಿಂಗಳಿಂದ ಹೊರಗೆ ಕೂತಿಲ್ಲ. ಗಂಡನ ಚಿಂತ್ಯಾಗೆ ಆಕಿಗೇ ಇನ್ನೂ ಗೊತ್ತಿಲ್ಲ, ಮೂರು ತುಂಬಾತನಕ ನಾನೂ ಬಾಯಿ ಬಿಡಂಗಿಲ್ಲ' ಅಂದ್ರು."