ಆ ಕಡೆ ಒಂದು, ಈ ಕಡೆ ಒಂದು

ಅಧ್ಯಕ್ಷ ಹನುಮಂತ್ರಾಯರು ಕೆಂಪು ಪೆನ್ಸಿಲಿನ ಮೊನೆಯನ್ನು ಗೋಪಮ್ಮನವರ ಮೊದಲ ವಾಕ್ಯದ ಮೇಲಿಟ್ಟು ನಿಲ್ಲಿಸಿದರು. ಐದನೇ ತರಗತಿಗೆ ಜಿಲ್ಲೆಯ ಇತಿಹಾಸದ ಪಾಠ ಬರೆಯಲು ರಾಯಚೂರಿನಲ್ಲಿ ಸೇರಿದ್ದ ಸಮಿತಿಯ ಕೊನೆಯ ಸಭೆ ಅದು. ಗೋಪಮ್ಮ ದೇವದುರ್ಗದ ಶಿಕ್ಷಕಿ. ಮೂರನೆಯವರು ಮಾನ್ವಿಯ ಹುಸೇನಪೀರ ಮಾಸ್ತರರು.

ಗೋಪಮ್ಮ ಬರೆದದ್ದು ಎರಡೇ ವಾಕ್ಯ: '1948ರಲ್ಲಿ ನಿಜಾಮನ ಪರದ ರಜಾಕಾರರು ಊರಿಗೆ ನುಗ್ಗಿದಾಗ ಹಾಜಿರಾ ಬೀ ಎಂಬಾಕೆ ಕೂಲಿಕಾರರ ಕೇರಿಯ ಏಳು ಜನರನ್ನು ತನ್ನ ಹಿತ್ತಲಿನ ಹಗೇವಿನಲ್ಲಿ, ಅಂದರೆ ಜೋಳ ತುಂಬುವ ನೆಲದ ಗುಂಡಿಯಲ್ಲಿ, ಬಚ್ಚಿಟ್ಟು ಉಳಿಸಿದಳು. ಮುಂದೆ ಭಾರತದ ಸೈನ್ಯ ಬಂದ ಮೇಲೆ ಊರಿನ ದೊಡ್ಡವರು ಆಕೆಯ ಮನೆಗೆ ಬೆಂಕಿ ಇಟ್ಟಾಗ, ಆ ಕೇರಿಯವರು ಆಕೆಯನ್ನು ಅದೇ ಹಗೇವಿನಲ್ಲಿ ಬಚ್ಚಿಟ್ಟರು.'

ಆ ಏಳು ಜನರಲ್ಲಿ ಒಬ್ಬಾಕೆ ಗೋಪಮ್ಮನವರ ತಾಯಿ. ಆಕೆಯ ಮಡಿಲಲ್ಲಿದ್ದದ್ದು ಮೂರು ತಿಂಗಳ ಗೋಪಮ್ಮ. ಈಗ ದೇವದುರ್ಗದಲ್ಲಿ ಮಗನ ಮನೆಯಲ್ಲಿದ್ದ ಹಾಜಿರಾ ಬೀ ಹೋದ ವಾರ ಕೇಳಿದ್ದಳು, "ಬುಕ್ಕಿನಾಗ ನನ್ನ ಹೆಸರು ಬರ್ತದೇನವ್ವಾ?" ಬರುತ್ತದೆ ಎಂದು ಗೋಪಮ್ಮ ಮಾತು ಕೊಟ್ಟಿದ್ದರು.

"ರಜಾಕಾರರು ಅಂದ್ರ ಒಂದು ಸಮಾಜಕ್ಕ ನೋವಾಗ್ತದ," ಎಂದರು ಹನುಮಂತ್ರಾಯರು.

"ನನಗೇನ್ ನೋವಿಲ್ರೀ ಸಾಹೇಬ್ರ. ಖರೇ ಅದ, ಇರ್ಲಿ ಬಿಡ್ರಿ," ಎಂದರು ಹುಸೇನಪೀರ.

"ನಿಮಗಲ್ರೀ ಮಾಸ್ತರ, ಆಗೋರಿಗೆ ಆಗ್ತದ." ಪೆನ್ಸಿಲು ಹರಿಯಿತು. "ಆ ಕಡಿ ಒಂದು ಹೊಡದೆ. ಈಗ ಈ ಕಡಿ ಒಂದು ಹೊಡೀಬೇಕು, ಇಲ್ಲಾಂದ್ರ ತಕ್ಕಡಿ ವಾಲ್ತದ. 'ಊರಿನ ದೊಡ್ಡವರು' ತೆಗದೆ."

"ಹಂಗಾದ್ರ ಬೆಂಕಿ ಇಟ್ಟೋರು ಯಾರು ಸರ್?" ಗೋಪಮ್ಮ ಕೇಳಿದರು.

"ಬೆಂಕೀನೂ ತೆಗದೆ."

"ಅಂತೂ ಮುದುಕಿ ಮನಿ ಉಳೀತು!" ಹುಸೇನಪೀರ ನಕ್ಕರು. ಇನ್ನಾರೂ ನಗಲಿಲ್ಲ.

"ಆಕಿ ಹೆಸರರ ಇರ್ಲಿ ಸರ್."

"ಆ ಕಡಿ ಒಬ್ಬಾಕಿ ಹೆಸರು ಬಂದ್ರ, ಈ ಕಡಿ ಒಬ್ಬಾಕಿದು ಬೇಕಲ್ಲ ಟೀಚರ್?"

"ನಮ್ಮವ್ವನ್ನ ಹಾಕ್ರಿ. ಬಸ್ಸಮ್ಮ."

"ಬಸ್ಸಮ್ಮ ಅಂದ್ರ ಯಾವ ಕೇರಿ ಅಂತಾರ. ಕೇರಿ ಬಂತಂದ್ರ ಜಾತಿ ಬಂತು. ಸಣ್ಣ ಹುಡುಗರ ತಲ್ಯಾಗ ಅದ್ಯಾಕ ತುಂಬ್ತೀರಿ?" ಹನುಮಂತ್ರಾಯರು ಕನ್ನಡಕ ತೆಗೆದು ದನಿ ಮೆತ್ತಗೆ ಮಾಡಿದರು. "ಮುಂದಿನ ತಿಂಗಳು ವರ್ಗಾವಣೆ ಪಟ್ಟಿ ಅದ. ನಿಮಗ ದೇವದುರ್ಗ ಬಿಡೂದು ಕಷ್ಟ ಅಲ್ಲೇನು?"

ಗೋಪಮ್ಮ ಸಹಿ ಮಾಡಿದರು. ಅಚ್ಚಾಗಿ ಬಂದ ಪುಸ್ತಕದಲ್ಲಿ ಎರಡು ವಾಕ್ಯಗಳ ಬದಲು ಒಂದಿತ್ತು: 'ಹಿಂದೆ ನಮ್ಮ ಜಿಲ್ಲೆಯ ಜನರು ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು.' ಯಾವ ಸಮಾಜದಿಂದಲೂ ಒಂದು ದೂರೂ ಬರಲಿಲ್ಲ. ಸಮಿತಿಗೆ ಮೆಚ್ಚುಗೆಯ ಪತ್ರ ಬಂತು.

ವರ್ಷದ ಕೊನೆಯ ಪರೀಕ್ಷೆಯಲ್ಲಿ ಅದರ ಮೇಲೆ ಒಂದು ಅಂಕದ ಪ್ರಶ್ನೆ: 'ಹಗೇವಿನಲ್ಲಿ ಏನನ್ನು ಇಡುತ್ತಿದ್ದರು?' ಗೋಪಮ್ಮನವರ ತರಗತಿಯ ಎಲ್ಲ ಮಕ್ಕಳೂ ಸರಿಯಾಗಿ ಬರೆದಿದ್ದರು, ಹಾಜಿರಾ ಬೀಯ ಮೊಮ್ಮಗಳು ಬಿಸ್ಮಿಲ್ಲಾ ಬೀ ಒಬ್ಬಳನ್ನು ಬಿಟ್ಟು. ಅವಳು ದಪ್ಪ ಅಕ್ಷರದಲ್ಲಿ ಬರೆದಿದ್ದಳು: 'ನಮ್ಮ ಟೀಚರನ್ನು.'

ಗೋಪಮ್ಮ ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ಆ ಉತ್ತರದ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ದುಂಡಗೆ ತಿದ್ದಿ ಬರೆದರು: 'ಜೋಳ.'