ಸಂಡಿಗೆ ಕೂತ ಸ್ಟೇಡಿಯಂ

ಆಸ್ಟಿನ್ನಿನಲ್ಲಿ ಆ ದಿನದ ಆರ್ಕಿಟೆಕ್ಚರ್ ಕ್ಲಾಸು ಮುಗಿಸಿ, ಹತ್ತಿರದ ಊರು ಲಿಯಾಂಡರಿನಲ್ಲಿದ್ದ ಸೋದರತ್ತೆಯ ಮನೆಗೆ ಬಂದ ಮಹತಿ, ಹಿತ್ತಿಲ ಬಾಗಿಲು ತೆರೆದವಳೇ ನಿಂತುಬಿಟ್ಟಳು. ಅಂಟು ಒಣಗಲೆಂದು ಹೊರಗಿಟ್ಟಿದ್ದ ಅವಳ ಸಾಕರ್ ಸ್ಟೇಡಿಯಮ್ಮಿನ ಮಾದರಿ ಭರ್ತಿಯಾಗಿತ್ತು. ಗ್ಯಾಲರಿಯ ಮೆಟ್ಟಿಲುಗಳ ಮೇಲೆಲ್ಲ ಅರಳು ಸಂಡಿಗೆ, ಮ್ಯಾಚು ನೋಡಲು ಬಂದವರ ಹಾಗೆ ಒತ್ತೊತ್ತಾಗಿ ಕೂತಿದ್ದವು.

"ಅಜ್ಜಿ, ನಾಳೆ ಇದನ್ನ ಪ್ರೊಫೆಸರ್‌ಗಳಿಗೆ ತೋರಿಸ್ಬೇಕು."

ಸೋದರತ್ತೆಯ ಅತ್ತೆ ವಿಜಯಮ್ಮ ಮೈಸೂರಿನಿಂದ ಬಂದು ತಿಂಗಳಾಗಿತ್ತು. "ಕೆಳಗೆ ಪ್ಲಾಸ್ಟಿಕ್ ಹಾಸಿದೀನಿ ಕಣೇ. ಈ ಊರಿನ ಅಳಿಲು ಏನನ್ನೂ ಬಿಡಲ್ಲ. ನಿನ್ನ ಛಾವಣಿ ಇತ್ತು, ಒಂದೂ ಒಳಗೆ ಬರ್ಲಿಲ್ಲ."

ಆ ಛಾವಣಿಯೇ ಮಹತಿಯ ಹೆಮ್ಮೆ. ನಡುವೆ ಒಂದು ಕಂಬವೂ ಇಲ್ಲದೆ, ತಂತಿಗಳಲ್ಲಿ ಜಗ್ಗಿ ಕಟ್ಟಿದ ಬಿಳಿ ಬಟ್ಟೆ. ಡಲ್ಲಾಸಿನ ಹತ್ತಿರ ಹೊಸ ಸಾಕರ್ ಸ್ಟೇಡಿಯಂ ಏಳುತ್ತಿದ್ದ ವರ್ಷ ಅದು. ಕ್ಲಾಸಿಗೆಲ್ಲ ಅದೇ ಗುಂಗು. ಆದರೆ ಹೋದ ಸಲ ಛಾವಣಿಯ ಬಗ್ಗೆ ಕೇಳಿದಾಗ ಮಹತಿಯ ಬಾಯಿಂದ ಒಂದು ಮಾತೂ ಹೊರಟಿರಲಿಲ್ಲ. ನಾಳೆಯೂ ಹಾಗೇ ಆದರೆ ಈ ಸೆಮಿಸ್ಟರ್ ಹೋದಂತೆಯೇ.

ಸಂಡಿಗೆ ಎತ್ತಲು ಕೂತಳು. ಪಶ್ಚಿಮದ ಗ್ಯಾಲರಿಯವು ಇನ್ನೂ ಹಸಿ, ಬೆರಳಿಗೆ ಮೆತ್ತಿದವು. ಎದುರಿನ ಪೂರ್ವದವು ಕಲ್ಲಿನಂತೆ ಒಣಗಿದ್ದವು. ಎಲ್ಲ ಒಟ್ಟಿಗೇ ಇಟ್ಟದ್ದು, ಮಧ್ಯಾಹ್ನದ ಊಟವಾದ ಮೇಲೆ, ಎಂದರು ಅಜ್ಜಿ. ಮಹತಿ ತಲೆ ಎತ್ತಿ ನೋಡಿದಳು. ಇಳಿಬಿಸಿಲು ಪಶ್ಚಿಮದ ಛಾವಣಿಯ ಅಂಚಿನಡಿ ತೂರಿ ಸೀದಾ ಪೂರ್ವಕ್ಕೆ ಬೀಳುತ್ತಿತ್ತು. ಮ್ಯಾಚು ನಡೆಯುವುದೂ ಸಂಜೆಯೇ.

ಎತ್ತಿದ್ದ ಸಂಡಿಗೆಗಳನ್ನು ಒಂದೊಂದಾಗಿ ಅವುಗಳ ಜಾಗದಲ್ಲೇ ಕೂರಿಸಿದಳು. ಆಮೇಲೆ ಕತ್ತರಿ, ಬಟ್ಟೆ ತಂದು ಪಶ್ಚಿಮದ ಛಾವಣಿಯ ಅಂಚನ್ನು ಕೆಳಗಿಳಿಸಿದಳು.

ಮರುದಿನ ಪ್ರೊಫೆಸರೊಬ್ಬರು ಬಗ್ಗಿ ನೋಡಿ, ಇವೇನು ಎಂದು ಕೇಳಿದರು. ಪ್ರೇಕ್ಷಕರು, ಎಂದಳು ಮಹತಿ. ಮುಟ್ಟಿ ನೋಡಿ, ನನ್ನ ಹಳೇ ಛಾವಣಿಯಡಿ ಈ ಕಡೆಯವರು ಆಟ ನೋಡಿದ್ದಾರೆ, ಆ ಕಡೆಯವರು ಬೆಂದುಹೋಗಿದ್ದಾರೆ. ಅವರು ಒಂದನ್ನು ಒತ್ತಿ, ಇನ್ನೊಂದನ್ನು ಕುಟ್ಟಿ, ಗಟ್ಟಿಯಾಗಿ ನಕ್ಕರು. ಆ ನಗುವಿನಿಂದ ಧೈರ್ಯ ಬಂದು ಮಹತಿ ಛಾವಣಿಯ ಬಗ್ಗೆ ಮಾತಿಗಿಳಿದಳು. ಕೊನೆಗೆ ಅವರೇ ಗಡಿಯಾರ ತೋರಿಸಿ ನಿಲ್ಲಿಸಬೇಕಾಯಿತು.

ಪಾಸಾದ ಸುದ್ದಿ ಹೊತ್ತು ಮನೆಗೆ ಬಂದಾಗ ವಿಜಯಮ್ಮ ಹೊಸ ಹಿಟ್ಟು ಕಲಸಿಟ್ಟುಕೊಂಡು ಕಾಯುತ್ತಿದ್ದರು. ಮಾದರಿಯನ್ನು ಬಿಸಿಲಿಗಿಟ್ಟು, ಸುತ್ತ ಒಂದು ಸಲ ಬಂದು, ಛಾವಣಿಯ ಅಂಚನ್ನು ಬೆರಳಲ್ಲಿ ಎತ್ತಿ ನೋಡಿದರು.

"ಎಷ್ಟು ಚೆನ್ನಾಗಿತ್ತು, ಕೆಡಿಸ್ಬಿಟ್ಯಲ್ಲೇ," ಎಂದರು. "ಇನ್ನು ಇದರಲ್ಲಿ ಒಂದು ಸಂಡಿಗೆನೂ ಒಣಗಲ್ಲ."