ಬಾಗಿಲಿಗಿಟ್ಟ ಕಿವಿ

ಪರದೆಯ ಮೇಲೆ ಎರಡೂ ಪ್ರೋಗ್ರಾಂಗಳು ನಿದ್ದೆಹೋಗಿದ್ದವು. ಒಂದು ತಂಗಿ ಬರೆದದ್ದು, ಇನ್ನೊಂದು ಅವಳ ಬೆನ್ನ ಹಿಂದಿನ ಮೇಜಿನ ಮುಂದೆ ಕೂತಿದ್ದ ಅಕ್ಕ ಬರೆದದ್ದು. ಕಂಪ್ಯೂಟರಿನೊಳಗೆ ಅವೆರಡೂ ಒಂದಕ್ಕೊಂದು ಸಂದೇಶ ಕಳಿಸಿಕೊಂಡು ಕೆಲಸ ಮಾಡಬೇಕಿತ್ತು. ತಪ್ಪೇನೂ ಕಾಣುತ್ತಿರಲಿಲ್ಲ, ಸಂದೇಶವೂ ಬರುತ್ತಿರಲಿಲ್ಲ. ಅಮ್ಮ ಬಿಟ್ಟುಹೋದ ಹೊಲಿಗೆ ಯಂತ್ರ ಯಾರಿಗೆ ಅಂತ ಜಗಳವಾದಾಗಿನಿಂದ ಅಕ್ಕತಂಗಿಯರು ಮಾತು ಬಿಟ್ಟಿದ್ದರು. ಈ ಕಚೇರಿಯಲ್ಲಿ ಅಕ್ಕನಿಗೆ ಇವತ್ತೇ ಕೊನೆಯ ದಿನ.

ಮಧ್ಯಾಹ್ನದ ಮಂಪರಿನಲ್ಲಿ ತಂಗಿ ಪರದೆಯನ್ನೇ ನೋಡುತ್ತ ಕೂತಳು. ನೋಡನೋಡುತ್ತ ಅದರೊಳಗೊಂದು ಉದ್ದನೆಯ ಓಣಿ ತೆರೆದುಕೊಂಡಿತು. ಅದರ ಎರಡು ತುದಿಯಲ್ಲೂ ಮುಚ್ಚಿದ ಬಾಗಿಲಿಗೆ ಯಾರೋ ಕಿವಿಯಿಟ್ಟು, ಉಸಿರು ಬಿಗಿಹಿಡಿದು ನಿಂತಿದ್ದರು. ಆಗ ಥಟ್ಟನೆ ಹೊಳೆಯಿತು: ಇಬ್ಬರೂ ತಂತಮ್ಮ ಪ್ರೋಗ್ರಾಂಗೆ "ಮೊದಲು ಆ ಕಡೆಯ ಸಂದೇಶಕ್ಕೆ ಕಾಯಿ, ಆಮೇಲೆ ನಿನ್ನದು ಕಳಿಸು" ಎಂದೇ ಬರೆದಿದ್ದಾರೆ! ಮೊದಲು ಕಳಿಸುವವರು ಯಾರೆಂದು ಮಾತಾಡಿಕೊಂಡಿದ್ದರೆ ತಾನೇ?

ಅವಳು ತನ್ನ ಸಾಲುಗಳನ್ನು ಹಿಂದುಮುಂದು ಮಾಡಿದಳು. ಪರೀಕ್ಷೆಗೆಂದು ಒಂದು ಸಂದೇಶ ಬೇಕಿತ್ತು. ಬೆರಳುಗಳು ತಾವಾಗಿಯೇ "ಹೋಗ್ಬೇಡ ಕಣೇ" ಎಂದು ಬರೆದವು. ಕಳಿಸುವ ಮೊದಲೇ, ತಿದ್ದುವುದಕ್ಕೆ ಮುಂಚಿನಿಂದ ಇನ್ನೂ ಕಾಯುತ್ತಲೇ ಇದ್ದ ಅವಳ ಹಳೆಯ ಪ್ರೋಗ್ರಾಂ ಎಚ್ಚರವಾಯಿತು. ಅಕ್ಕನೂ ತನ್ನದನ್ನು ಹಾಗೇ ತಿದ್ದಿದ್ದಳೇನೋ, ಆ ತುದಿಯಿಂದ ಸಂದೇಶ ಬಂದಿತ್ತು:

"ಯಂತ್ರ ನೀನೇ ಇಟ್ಕೋ, ಕೋತಿ. ನನ್ನ ಹತ್ರ ಮಾತಾಡು."

ತಂಗಿ ತಾನು ಬರೆದದ್ದನ್ನು ಕಳಿಸಲಿಲ್ಲ. ಕುರ್ಚಿ ತಿರುಗಿಸಿ, "ಅಕ್ಕಾ" ಅಂದಳು.